ಆ ಒಂದು ಗಂಟೆಯನ್ನು ಕೊಟ್ಟವರು ಯಾರು?

ಕಾದಂಬರಿ ಬರೆಯುವವರು ಯಾರಾದರೂ ಎದುರಾದರೆ ನಮ್ಮ ಜನ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ‘ನೌಕರಿ, ಸಂಸಾರ, ಮಕ್ಕಳುಮರಿ ಇವೆಲ್ಲದರ ನಡುವೆ ಇಷ್ಟೆಲ್ಲ ಬರೆಯಲು ನಿಮಗೆ ಹೊತ್ತಾದರೂ ಎಲ್ಲಿ ಸಿಗುತ್ತದೆ?’ ಲೇಖಕರು ನಕ್ಕು, ‘ಹೊತ್ತು ಸಿಗುವುದಿಲ್ಲ, ಮಾಡಿಕೊಳ್ಳಬೇಕು’ ಎನ್ನುತ್ತಾರೆ. ಕೇಳಿದವರು ತಲೆದೂಗುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಆ ಉತ್ತರ ಸುಳ್ಳೇನೂ ಅಲ್ಲ. ಆದರೆ ಅದರಲ್ಲಿ ಅರ್ಧ ಸತ್ಯ ಮಾತ್ರ ಇದೆಯೆಂದು ನಮಗೆ ತೋರುತ್ತದೆ. ಅರಸನಿಗೂ ಆಳಿಗೂ ದಿನಕ್ಕೆ ದೊರೆತಿರುವುದು 24 ಗಂಟೆಗಳೇ. ಅದನ್ನು ಹಿಗ್ಗಿಸುವ ವಿದ್ಯೆ ಯಾವ ಪಂಡಿತನಿಗೂ ಬಾರದು. ಮನೆಯಲ್ಲಿ ಒಬ್ಬರು ಬಾಗಿಲು ಮುಂದೆ ಮಾಡಿಕೊಂಡು ಒಂದು ಗಂಟೆ ಬರೆಯಲು ಕುಳಿತರೆಂದರೆ, ಆ ಗಂಟೆಯಲ್ಲಿ ಒಲೆಯ ಮೇಲಿನ ಹಾಲನ್ನು ಇನ್ನೊಬ್ಬರು ಕಾಯುತ್ತಾರೆ; ಅಳುವ ಮಗುವನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ; ಬಂದ ಬೀಗರಿಗೆ ಇನ್ನೊಬ್ಬರು ನೀರು ಕೊಡುತ್ತಾರೆ. ಹಾಗೆ ಕೈಗೂಡಿಸುವವರು ಯಾರೂ ಇಲ್ಲದಿದ್ದರೆ ಬರೆಯುವವರು ತಮ್ಮ ನಿದ್ದೆಯನ್ನೇ ಕತ್ತರಿಸಿ ಆ ಗಂಟೆಯನ್ನು ತೆಗೆಯಬೇಕಾಗುತ್ತದೆ. ಅಂದಮೇಲೆ ‘ಹೊತ್ತು ಎಲ್ಲಿ ಸಿಗುತ್ತದೆ’ ಎಂದು ಕೇಳುವುದಕ್ಕಿಂತ ‘ಆ ಹೊತ್ತನ್ನು ಕೊಟ್ಟವರು ಯಾರು’ ಎಂದು ಕೇಳುವುದೇ ಹೆಚ್ಚು ಉಚಿತವಾದೀತು.

ಈ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟ ಸಾಹಿತಿಗಳು ವಿರಳ. ಅಂಥವರಲ್ಲೊಬ್ಬ 19ನೆಯ ಶತಮಾನದ ಇಂಗ್ಲೆಂಡಿನ ಆಂಥನಿ ಟ್ರೊಲೊಪ್. ಆತ ಅಂಚೆ ಇಲಾಖೆಯ ನೌಕರ, ಎರಡು ಮಕ್ಕಳ ತಂದೆ, 47 ಕಾದಂಬರಿಗಳ ಕರ್ತೃ. ಆತನ ತಾಯಿಯೂ ಕಾದಂಬರಿಕಾರ್ತಿಯೇ. ತಾಯಿ ಮಗ ಇಬ್ಬರೂ ಬರೆದದ್ದು ಮುಂಜಾವಿನಲ್ಲಿ. ಆದರೆ ಆ ಮುಂಜಾವು ಇಬ್ಬರಿಗೂ ದೊರೆತ ಬಗೆ ಬೇರೆ ಬೇರೆ. ಮೊದಲು ಈ ಮನೆತನದ ವೃತ್ತಾಂತವನ್ನು ಹೇಳಿ, ಅದೇ ಅಳತೆಗೋಲನ್ನು ಹಿಡಿದು ನಮ್ಮ ಕನ್ನಡ ಲೇಖಕರ ಮನೆಗಳತ್ತ ನೋಡುವುದು ಈ ಲೇಖನದ ಉದ್ದೇಶ.

ಅಂಚೆಯ ಅಧಿಕಾರಿ

ಟ್ರೊಲೊಪ್ ಹುಟ್ಟಿದ್ದು 1815ರಲ್ಲಿ, ಲಂಡನ್ನಿನಲ್ಲಿ. ತಂದೆ ವಕೀಲ, ಆದರೆ ಕೈಹಾಕಿದ ಕೆಲಸವೆಲ್ಲ ಕೆಟ್ಟು ಸಾಲದಲ್ಲಿ ಮುಳುಗಿದ ಮನುಷ್ಯ. ಸಿರಿವಂತರ ಮಕ್ಕಳು ಓದುವ ಶಾಲೆಯಲ್ಲಿ ಬಡತನದ ಅವಮಾನವನ್ನು ಉಂಡು ಬೆಳೆದ ಹುಡುಗ 1834ರಲ್ಲಿ, 19ನೆಯ ವಯಸ್ಸಿಗೆ, ಲಂಡನ್ನಿನ ಪ್ರಧಾನ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ. ಸಂಬಳ ವರ್ಷಕ್ಕೆ 90 ಪೌಂಡು. ಮೊದಲ ಏಳು ವರ್ಷ ಆತನಿಂದ ಯಾರಿಗೂ ಸಂತೋಷವಾಗಲಿಲ್ಲ. ಹೊತ್ತಿಗೆ ಸರಿಯಾಗಿ ಕಚೇರಿಗೆ ಬಾರದವನೆಂಬ ಅಪಖ್ಯಾತಿ, ಮೇಲಿಂದ ಮೇಲೆ ಸಾಲ. 1841ರಲ್ಲಿ ಐರ್ಲೆಂಡಿಗೆ ವರ್ಗವಾದ ಮೇಲೆ ಆತನ ಬಾಳು ತಿರುಗಿತು. ಕೆಲಸದಲ್ಲಿ ಮನಸ್ಸು ನಿಂತಿತು. 1844ರಲ್ಲಿ ರೋಸ್ ಹೆಸಲ್‌ಟೈನ್ ಎಂಬಾಕೆಯನ್ನು ಮದುವೆಯಾದ. 1846 ಮತ್ತು 1847ರಲ್ಲಿ ಎರಡು ಗಂಡು ಮಕ್ಕಳಾದರು. ಎರಡನೆಯ ಮಗ ಹುಟ್ಟಿದ ವರ್ಷವೇ ಮೊದಲ ಕಾದಂಬರಿಯೂ ಪ್ರಕಟವಾಯಿತು.

ಆ ಕಾದಂಬರಿಯನ್ನು ಕೊಂಡು ಓದಿದವರು ಇಲ್ಲವೆಂದೇ ಹೇಳಬೇಕು. ಎರಡನೆಯದಕ್ಕೂ ಮೂರನೆಯದಕ್ಕೂ ಅದೇ ಗತಿ. ಆದರೂ ಆತ ಬರೆಯುವುದನ್ನು ಬಿಡಲಿಲ್ಲ. ಬರೆಯುವ ನೆಪದಲ್ಲಿ ನೌಕರಿಯನ್ನೂ ಬಿಡಲಿಲ್ಲ. 1851ರಿಂದ ಇಂಗ್ಲೆಂಡಿನ ನೈಋತ್ಯ ಭಾಗದ ಹಳ್ಳಿಗಳಿಗೆ ಅಂಚೆ ತಲುಪಿಸುವ ವ್ಯವಸ್ಥೆಯನ್ನು ಸರಿಪಡಿಸುವ ಹೊಣೆ ಆತನ ಪಾಲಿಗೆ ಬಂದಿತು. ದಿನವಿಡೀ ಕುದುರೆಯ ಮೇಲೆ ಊರಿಂದೂರಿಗೆ ಸುತ್ತಾಟ. ಚಾನೆಲ್ ದ್ವೀಪಗಳಲ್ಲಿ ಬೀದಿಯ ಬದಿಗೆ ಅಂಚೆಯ ಕಂಬಪೆಟ್ಟಿಗೆಗಳನ್ನು ನಿಲ್ಲಿಸಬೇಕೆಂದು ಸಲಹೆ ಕೊಟ್ಟವನು ಟ್ರೊಲೊಪನೇ. 1852ರಲ್ಲಿ ಅವು ಅಲ್ಲಿ ನಿಂತವು. ನಾವು ಇಂದಿಗೂ ಬೀದಿಯ ಮೂಲೆಯಲ್ಲಿ ಕಾಣುವ ಕೆಂಪು ಪೆಟ್ಟಿಗೆಯ ಹಿರಿಯರು ಅವು. ಇದೇ ಸುತ್ತಾಟದ ನಡುವೆ ಸಾಲ್ಸ್‌ಬರಿ ಪಟ್ಟಣದ ದೊಡ್ಡ ಇಗರ್ಜಿಯ ಆವರಣದಲ್ಲಿ ಅಡ್ಡಾಡುತ್ತಿದ್ದಾಗ ಆತನಿಗೆ ಹೊಸ ಕಥೆಯೊಂದು ಹೊಳೆಯಿತು. ಅದೇ 1855ರಲ್ಲಿ ಬಂದ ‘ದಿ ವಾರ್ಡನ್’. ಆತನ ಹೆಸರನ್ನು ಉಳಿಸಿದ ಕಾದಂಬರಿಮಾಲೆಯ ಮೊದಲ ಕೃತಿ ಇದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನೌಕರಿ ಬರವಣಿಗೆಯ ವೈರಿಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಟ್ರೊಲೊಪನ ಪಾಲಿಗೆ ನೌಕರಿ ಹೊತ್ತನ್ನು ಕಸಿದದ್ದೂ ನಿಜ, ಕಥೆಯನ್ನು ಕೊಟ್ಟದ್ದೂ ನಿಜ. ಊರೂರಿನ ಪಾದ್ರಿಗಳು, ರೈತರು, ಜಮೀನುದಾರರು, ಅಂಚೆಪೇದೆಗಳು, ಅವರವರ ಜಗಳ, ಅವರವರ ಮಾತು ಇವೆಲ್ಲ ಆತನಿಗೆ ಪರಿಚಯವಾದದ್ದು ಅಂಚೆಯ ಕೆಲಸದಿಂದಲೇ.

ರೈಲಿನ ಹಲಗೆ, ಹೆಂಡತಿಯ ಅಕ್ಷರ

ಕುದುರೆ ಬಿಟ್ಟು ರೈಲು ಹಿಡಿಯುವ ಕಾಲ ಬಂದಾಗ ಟ್ರೊಲೊಪ್ ರೈಲಿನಲ್ಲಿಯೇ ಬರೆಯತೊಡಗಿದ. ಮಡಿಲ ಮೇಲೆ ಇಟ್ಟುಕೊಳ್ಳಲು ಬರೆಯುವ ಹಲಗೆಯೊಂದನ್ನು ಮಾಡಿಸಿಕೊಂಡ. ಕುಲುಕಾಟದಲ್ಲಿ ಮಸಿಯ ಲೇಖನಿ ನಡೆಯದು. ಆದುದರಿಂದ ಸೀಸದ ಕಡ್ಡಿ. ಎದುರಿಗೆ ಕುಳಿತವರು ಏನೆಂದುಕೊಂಡಾರೋ ಎಂಬ ಸಂಕೋಚ ಮೊದಮೊದಲು ಇತ್ತಂತೆ. ಬರಬರುತ್ತ ಅದೂ ಹೋಯಿತು. ‘ಬಾರ್ಚೆಸ್ಟರ್ ಟವರ್ಸ್’ ಎಂಬ ಪ್ರಸಿದ್ಧ ಕಾದಂಬರಿಯ ಬಹುಭಾಗ ಹೀಗೆ ರೈಲಿನ ಓಟದಲ್ಲಿಯೇ ಮೂಡಿ 1857ರಲ್ಲಿ ಪ್ರಕಟವಾಯಿತು. 1858ರಲ್ಲಿ ಅಂಚೆಯ ಒಪ್ಪಂದಕ್ಕಾಗಿ ಈಜಿಪ್ತಿಗೆ ಹೊರಟಾಗ ಹಡಗಿನ ಹೊಯ್ದಾಟಕ್ಕೆ ವಾಂತಿಯಾಗಿ ಮೇಜು ಬಿಟ್ಟು ಓಡಿಹೋಗಬೇಕಾಗುತ್ತಿತ್ತು. ಮತ್ತೆ ಬಂದು ನಿಲ್ಲಿಸಿದ ಸಾಲಿನಿಂದ ಮುಂದುವರಿಸುತ್ತಿದ್ದ.

ಇದೆಲ್ಲ ಕೇಳಿದಾಗ ‘ಎಂಥ ಛಲದಂಕ ಮಲ್ಲ’ ಎಂದು ಮೆಚ್ಚುತ್ತೇವೆ. ಮೆಚ್ಚಬೇಕಾದದ್ದೇ. ಆದರೆ ಕುಲುಕಾಡುವ ರೈಲಿನಲ್ಲಿ ಸೀಸದ ಕಡ್ಡಿಯಿಂದ ಗೀಚಿದ ಆ ಹಾಳೆಗಳು ಹಾಗೆಯೇ ಅಚ್ಚಿನ ಮನೆಗೆ ಹೋಗುವಂತಿರಲಿಲ್ಲ. ಅವುಗಳನ್ನು ಬಿಡಿಸಿ ಓದಿ, ಶುದ್ಧ ಪ್ರತಿ ಮಾಡಿದವಳು ಹೆಂಡತಿ ರೋಸ್. ಅಚ್ಚಾಗುವ ಮುನ್ನ ಆತನ ಬರವಣಿಗೆಯನ್ನು ಓದುತ್ತಿದ್ದವಳು ಆಕೆಯೊಬ್ಬಳೇ. ಆಕೆಯ ಅಭಿರುಚಿಯಿಂದ ತನಗೆ ಬಹಳ ಉಪಕಾರವಾಯಿತೆಂದು ಆತನೇ ಒಪ್ಪಿಕೊಂಡಿದ್ದಾನೆ. ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು, ಊರೂರು ಸುತ್ತುವ ಗಂಡನ ಸಂಸಾರವನ್ನು ತೂಗಿಸುತ್ತ, ಸಾವಿರಾರು ಪುಟಗಳಿಗೆ ಬೆನ್ನು ಬಗ್ಗಿಸಿದ ಆ ಹೆಣ್ಣುಮಗಳಿಗೆ ಹೊತ್ತು ಎಲ್ಲಿ ಸಿಗುತ್ತಿತ್ತೆಂದು ಯಾರೂ ಕೇಳಿದಂತಿಲ್ಲ. ಟ್ರೊಲೊಪನ ಆತ್ಮಕಥೆ ಸಾಕಷ್ಟು ದೊಡ್ಡ ಪುಸ್ತಕ. ಅದರಲ್ಲಿ ತನ್ನ ಮದುವೆಯ ವಿಷಯಕ್ಕೆ ಬಂದಾಗ, ಅದು ಎಲ್ಲರ ಮದುವೆಯಂತೆಯೇ ಇತ್ತು, ತಮ್ಮಿಬ್ಬರ ಹೊರತು ಇನ್ನಾರಿಗೂ ಅದರಲ್ಲಿ ಆಸಕ್ತಿಯ ವಿಷಯವಿಲ್ಲ ಎಂಬರ್ಥದ ಮಾತು ಹೇಳಿ ಮುಂದೆ ಸಾಗುತ್ತಾನೆ. ಅದು ಸಂಕೋಚವಿದ್ದೀತು, ಆ ಕಾಲದ ಮರ್ಯಾದೆಯೂ ಇದ್ದೀತು. ಆದರೂ ಓದುವಾಗ ನಮ್ಮ ಮನಸ್ಸು ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ.

ಐದು ಪೌಂಡಿನ ಕಾಫಿ

1859ರಲ್ಲಿ ಟ್ರೊಲೊಪ್ ಲಂಡನ್ನಿನ ಹತ್ತಿರದ ವಾಲ್ಥಮ್ ಕ್ರಾಸ್ ಎಂಬ ಊರಿನಲ್ಲಿ ನೆಲೆಸಿದ. ಅಲ್ಲಿಯ ದಿನಚರಿ ಇಂಗ್ಲಿಷ್ ಸಾಹಿತ್ಯದ ಚರಿತ್ರೆಯಲ್ಲಿ ಹೆಸರಾದದ್ದು. ಬೆಳಿಗ್ಗೆ 5 ಗಂಟೆ 30 ನಿಮಿಷಕ್ಕೆ ಮೇಜಿನ ಮುಂದೆ ಇರಲೇಬೇಕು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದಿ, ಅದರ ನಾದವನ್ನು ಕಿವಿಗೆ ತಂದುಕೊಳ್ಳುವುದು. ಬಳಿಕ ಗಡಿಯಾರವನ್ನು ಎದುರಿಗಿಟ್ಟುಕೊಂಡು ಬರೆಯುವುದು. ಪ್ರತಿ ಕಾಲು ಗಂಟೆಗೆ 250 ಪದ. ಬೆಳಗಿನ ಉಪಾಹಾರಕ್ಕೆ ಉಡುಪು ಹಾಕಿಕೊಳ್ಳುವ ಮುನ್ನವೇ ಅಂದಿನ ಬರವಣಿಗೆ ಮುಗಿಯುತ್ತಿತ್ತು. ಆಮೇಲೆ ಇಡೀ ದಿನ ಅಂಚೆ ಇಲಾಖೆಯದು. ಪುಸ್ತಕವೊಂದನ್ನು ಆರಂಭಿಸುವಾಗ ದಿನ, ವಾರಗಳ ಮನೆಗಳನ್ನು ಗೀಟು ಹಾಕಿದ ದಿನಚರಿಯೊಂದನ್ನು ಸಿದ್ಧಪಡಿಸಿ, ಅಂದಂದು ಬರೆದ ಪುಟಗಳ ಸಂಖ್ಯೆಯನ್ನು ಅದರಲ್ಲಿ ತುಂಬುತ್ತಿದ್ದ. ವಾರಕ್ಕೆ ಸರಾಸರಿ 40 ಪುಟ. ಪುಟವೆಂದರೆ 250 ಪದ. ಒಂದು ದಿನ ಸೋಮಾರಿತನ ಮಾಡಿದರೆ ಆ ಖಾಲಿ ಮನೆ ಕಣ್ಣಿಗೆ ರಾಚುತ್ತಿತ್ತು.

ಈ ಶಿಸ್ತಿನ ಹಿಂದೆ ಬಾರ್ನಿ ಎಂಬ ಮುದುಕನಿದ್ದ. ಕುದುರೆ ಲಾಯದ ಆಳು. ಒಡೆಯನನ್ನು ಮುಂಜಾನೆ ಎಬ್ಬಿಸಿ, ಬಿಸಿ ಕಾಫಿ ತಂದುಕೊಡುವುದು ಅವನ ಹೊಣೆ. ಅದಕ್ಕಾಗಿ ವರ್ಷಕ್ಕೆ 5 ಪೌಂಡು ಹೆಚ್ಚಿನ ಸಂಬಳ. ವಾಲ್ಥಮ್ ಕ್ರಾಸಿನಲ್ಲಿದ್ದ ಅಷ್ಟೂ ವರ್ಷಗಳಲ್ಲಿ ಅವನು ಒಂದು ದಿನವೂ ತಡಮಾಡಲಿಲ್ಲವೆಂದು ಟ್ರೊಲೊಪ್ ಬರೆದಿದ್ದಾನೆ. ಅಷ್ಟೇ ಅಲ್ಲ, ತನ್ನ ಯಶಸ್ಸಿಗಾಗಿ ಬೇರೆ ಯಾರಿಗಿಂತಲೂ ಹೆಚ್ಚಾಗಿ ಈ ಬಾರ್ನಿಗೇ ತಾನು ಋಣಿಯೆನ್ನಬೇಕೋ ಏನೋ ಎಂದೂ ಹೇಳಿದ್ದಾನೆ. ಒಡೆಯ 5 ಗಂಟೆ 30 ನಿಮಿಷಕ್ಕೆ ಮೇಜಿನ ಮುಂದೆ ಕುಳಿತಿರಬೇಕಾದರೆ, ಒಲೆ ಹೊತ್ತಿಸಿ ನೀರು ಕಾಯಿಸುವ ಬಾರ್ನಿ ಎಷ್ಟು ಹೊತ್ತಿಗೆ ಏಳುತ್ತಿದ್ದನೆಂಬುದನ್ನು ವಾಚಕರೇ ಊಹಿಸಬಹುದು.

ನೌಕರಿಯಲ್ಲಿ ಬಡ್ತಿ ತನಗೆ ತಪ್ಪಿ ಬೇರೆಯವರಿಗೆ ಹೋದದ್ದು 1864ರಲ್ಲಿ. 1867ರಲ್ಲಿ, 33 ವರ್ಷಗಳ ಸೇವೆಯ ಬಳಿಕ, ನಿವೃತ್ತಿವೇತನದ ಆಸೆಯನ್ನೂ ಬಿಟ್ಟು ಆತ ಇಲಾಖೆಯಿಂದ ಹೊರಬಂದ. ನೌಕರಿ ಬಿಟ್ಟರೂ ಶಿಸ್ತು ಬಿಡಲಿಲ್ಲ. ಆಸ್ಟ್ರೇಲಿಯದಲ್ಲಿ ಕುರಿ ಸಾಕಣೆಗೆ ನಿಂತಿದ್ದ ಮಗನನ್ನು ಕಾಣಲು 1871ರಲ್ಲಿ ದಂಪತಿಗಳು ಹಡಗು ಹತ್ತಿದಾಗ, ದಡ ಬಿಟ್ಟ ಮರುದಿನ ಆರಂಭಿಸಿದ ಕಾದಂಬರಿ ಮೆಲ್ಬರ್ನ್ ತಲುಪುವಷ್ಟರಲ್ಲಿ ಮುಗಿದಿತ್ತು. ಆತ ತೀರಿಕೊಂಡದ್ದು 1882ರ ಡಿಸೆಂಬರಿನಲ್ಲಿ. ಮರುವರ್ಷ ಆತ್ಮಕಥೆ ಪ್ರಕಟವಾದಾಗ, ಗಡಿಯಾರ ಹಿಡಿದು ಬರೆದ ಈ ಲೆಕ್ಕಾಚಾರವನ್ನು ಕಂಡು ಹಲವರು ಮೂಗು ಮುರಿದರು. ಕಲೆಯೆಂದರೆ ಸ್ಫೂರ್ತಿಯಲ್ಲವೇ, ಇದೇನು ಚಮ್ಮಾರಿಕೆಯೇ ಎಂಬ ಭಾವ ಅವರದು. ಆತನಾದರೋ ಚಮ್ಮಾರನ ದುಡಿಮೆಗೂ ಲೇಖಕನ ದುಡಿಮೆಗೂ ಭೇದವೆಣಿಸಿದವನಲ್ಲ. ದುಡಿಮೆಯಲ್ಲಿ ಮೇಲುಕೀಳಿಲ್ಲವೆಂದು ಬಲ್ಲ ನಮ್ಮ ಜನಕ್ಕೆ ಈ ಮಾತು ಹೊಸದಾಗಿ ತೋರಲಾರದು.

ತಾಯಿಯ ನಾಲ್ಕು ಗಂಟೆ

ಈಗ ತಾಯಿಯ ಕಥೆ. ಫ್ರಾನ್ಸಿಸ್ ಟ್ರೊಲೊಪ್ ಹುಟ್ಟಿದ್ದು 1779ರಲ್ಲಿ. ಗಂಡನ ವ್ಯವಹಾರವೆಲ್ಲ ನೆಲಕಚ್ಚಿದಾಗ ಆಕೆ 1827ರಲ್ಲಿ ಅಮೆರಿಕಕ್ಕೆ ಹೋಗಿ ಸಿನ್ಸಿನಾಟಿ ಪಟ್ಟಣದಲ್ಲಿ ವ್ಯಾಪಾರಕ್ಕಿಳಿದು, ಅಲ್ಲಿಯೂ ಕೈಸುಟ್ಟುಕೊಂಡು 1831ರಲ್ಲಿ ಮರಳಿದಳು. ಅಲ್ಲಿ ಕಂಡದ್ದನ್ನು ಪುಸ್ತಕವಾಗಿ ಬರೆದಳು. 1832ರಲ್ಲಿ ಅದು ಪ್ರಕಟವಾಗಿ ಮನೆಮಾತಾದಾಗ ಆಕೆಯ ವಯಸ್ಸು 53. ನಮ್ಮಲ್ಲಿ ಹೆಂಗಸರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಆಕೆ ಲೇಖನಿಯಿಂದ ಸಂಸಾರವನ್ನು ಹೊರತೊಡಗಿದಳು.

ಆದರೂ ಸಾಲಗಾರರ ಕಾಟ ತಪ್ಪಲಿಲ್ಲ. 1834ರಲ್ಲಿ ಕುಟುಂಬ ಇಂಗ್ಲೆಂಡ್ ಬಿಟ್ಟು ಬೆಲ್ಜಿಯಂ ದೇಶದ ಬ್ರೂಜ್ ಪಟ್ಟಣಕ್ಕೆ ಓಡಿಹೋಗಬೇಕಾಯಿತು. ಅಲ್ಲಿ ಒಬ್ಬ ಮಗನಿಗೆ ಕ್ಷಯ, ಗಂಡ ಹಾಸಿಗೆ ಹಿಡಿದಿದ್ದ, ಕಿರಿಯ ಮಗಳಲ್ಲಿಯೂ ಅದೇ ಕ್ಷಯದ ಸುಳಿವು. ಆರೈಕೆಗೆ ಇದ್ದದ್ದು ಆಕೆಯ ಕೈಗಳೇ, ಅನ್ನಕ್ಕೆ ದಾರಿಯೂ ಆಕೆಯ ಬರವಣಿಗೆಯೇ. ರೋಗಿಗಳ ಔಷಧದ ಸೀಸೆಗಳ ಪಕ್ಕದಲ್ಲಿಯೇ ಮಸಿಯ ಕುಪ್ಪಿ ಇರುತ್ತಿತ್ತು. ಬೆಳಗಿನ ನಾಲ್ಕಕ್ಕೆಲ್ಲ ಮೇಜಿಗೆ ಕುಳಿತು, ಮನೆಯವರು ಏಳುವ ಹೊತ್ತಿಗೆ ಬರೆದು ಮುಗಿಸುತ್ತಿದ್ದಳು. ಬರೆಯುತ್ತಿದ್ದುದಾದರೂ ಜನ ನಕ್ಕು ನಲಿಯುವಂಥ ಕಥೆಗಳನ್ನು. ಏಕೆಂದರೆ ಪ್ರಕಾಶಕರಿಗೆ ಬೇಕಾದದ್ದು ಅದೇ. 1834ರ ಡಿಸೆಂಬರಿನಲ್ಲಿ ಮಗ ತೀರಿಕೊಂಡ. 1835ರಲ್ಲಿ ಗಂಡ ಹೋದ. 1836ರಲ್ಲಿ ಮಗಳೂ ಹೋದಳು. ಪುಸ್ತಕಗಳು ಮಾತ್ರ ನಿಲ್ಲಲಿಲ್ಲ. ಅದೇ 1836ರಲ್ಲಿ ಅಮೆರಿಕದ ಗುಲಾಮಗಿರಿಯ ಕ್ರೌರ್ಯವನ್ನು ಕುರಿತು, ಮುಂದೆ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ದುಃಖವನ್ನು ಕುರಿತು ಆಕೆ ಕಾದಂಬರಿಗಳನ್ನು ಬರೆದಳು. ಆಕೆಯ ಕೃತಿಗಳ ಸಂಪುಟಗಳನ್ನು ಎಣಿಸಿದ ಮಗ 114 ಎಂದು ಲೆಕ್ಕ ಕೊಟ್ಟಿದ್ದಾನೆ. 1863ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, 84ನೆಯ ವಯಸ್ಸಿನಲ್ಲಿ ಆಕೆ ಕಣ್ಣುಮುಚ್ಚಿದಳು.

ಎಂಥೆಂಥ ಸ್ಥಿತಿಯಲ್ಲಿಯೂ ಕಾದಂಬರಿ ಬರೆದ ಆಂಥನಿ, ಸಾಯುತ್ತಿರುವ ಮಗನ ಮಗ್ಗುಲಲ್ಲಿ ಕುಳಿತು ತಾನು ಬರೆಯಬಲ್ಲೆನೆಂಬ ನಂಬಿಕೆ ತನಗಿಲ್ಲವೆಂದು ತಾಯಿಯನ್ನು ನೆನೆದು ಹೇಳಿದ್ದಾನೆ. ಮಗನ ಐದೂವರೆ ಗಂಟೆಯನ್ನು ಬಾರ್ನಿ ಕೊಟ್ಟ, ರೋಸ್ ಕೊಟ್ಟಳು. ತಾಯಿಯ ನಾಲ್ಕು ಗಂಟೆಯನ್ನು ಯಾರೂ ಕೊಡಲಿಲ್ಲ; ಅದು ಆಕೆಯ ಸ್ವಂತ ನಿದ್ದೆಯಿಂದ ಕಡಿದದ್ದು. ಒಂದೇ ಮನೆತನದ ಎರಡು ಮುಂಜಾವುಗಳ ನಡುವಿನ ಅಂತರ ಇದೇ.

ನಮ್ಮ ನಾಡಿನ ಮನೆಗಳು

ಈ ಅಳತೆಗೋಲನ್ನು ಹಿಡಿದು ಕನ್ನಡದತ್ತ ನೋಡೋಣ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸಂಸ್ಥಾನದ ಸಿವಿಲ್ ಸೇವೆಗೆ ಸೇರಿ, ಜಿಲ್ಲಾಧಿಕಾರಿಯ ಹುದ್ದೆಯವರೆಗೆ ಏರಿ, ತಮಗಿಂತ ಕಿರಿಯರಿಗೆ ಮೇಲಿನ ಸ್ಥಾನ ದೊರೆತಾಗ 1943ರಲ್ಲಿ ತಾವಾಗಿಯೇ ಹೊರಬಂದರು. ಬಡ್ತಿಯ ವಿಷಯದಲ್ಲಿ ಟ್ರೊಲೊಪನ ಅನುಭವವೇ ಇವರದೂ ಆದದ್ದು ವಿಶೇಷ. ಸೇವೆಯಲ್ಲಿದ್ದ ಕಾಲದಲ್ಲಿ ಅವರು ಮುಖ್ಯವಾಗಿ ಸಣ್ಣ ಕಥೆಗಳನ್ನು ಬರೆದು ಕನ್ನಡ ಸಣ್ಣ ಕಥೆಗೆ ಬುನಾದಿ ಹಾಕಿದರು. ಬಿದನೂರಿನ ಅರಸುಮನೆತನವನ್ನು ಕುರಿತ ‘ಚೆನ್ನಬಸವನಾಯಕ’, ಕೊಡಗಿನ ಕೊನೆಯ ಅರಸನನ್ನು ಕುರಿತ ‘ಚಿಕವೀರ ರಾಜೇಂದ್ರ’ ಎಂಬ ಎರಡು ದೊಡ್ಡ ಕಾದಂಬರಿಗಳು ಬಂದದ್ದು ಸೇವೆಯಿಂದ ಬಿಡುಗಡೆಯಾದ ಮೇಲೆ. ಎರಡನೆಯ ಕೃತಿ 1956ರಲ್ಲಿ ಪ್ರಕಟವಾಗಿ, 1983ರ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು. ಇರುವ ಹೊತ್ತಿಗೆ ತಕ್ಕಂತೆ ಬರವಣಿಗೆಯ ರೂಪವೂ ಮೈತಾಳುತ್ತದೆಂಬುದಕ್ಕೆ ಇದು ನಿದರ್ಶನವೆಂದು ನಾವು ಎಣಿಸುತ್ತೇವೆ.

ಉತ್ತರ ಕನ್ನಡದ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದ ತಂತ್ರಜ್ಞರಾಗಿ ದುಡಿದವರು. ದೊಡ್ಡ ಕಂಪನಿಯ ಕಚೇರಿಯೊಳಗಿನ ಭಯ, ಸಂಶಯ, ಪೈಪೋಟಿಗಳನ್ನು ಅವರ ‘ಶಿಕಾರಿ’ ಕಾದಂಬರಿ 1979ರಲ್ಲಿ ಕನ್ನಡಕ್ಕೆ ತಂದಿತು. ನೌಕರಿಯ ಲೋಕವನ್ನು ಒಳಗಿನಿಂದ ಬಲ್ಲವರು ಮಾತ್ರ ಬರೆಯಬಹುದಾದ ಕೃತಿ ಅದು.

ಇವರಿಬ್ಬರೂ ಗಂಡಸರು. ಹೆಣ್ಣುಮಕ್ಕಳ ಮಾತಿಗೆ ಬಂದರೆ ಚಿತ್ರ ಬದಲಾಗುತ್ತದೆ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರಿಗೆ ಮದುವೆಯಾದದ್ದು 12ನೆಯ ವಯಸ್ಸಿನಲ್ಲಿ. ಶಾಲೆಯ ಓದು ಏಳು ವರ್ಷ. ಕಾದಂಬರಿ ಬರೆಯತೊಡಗಿದ್ದು 45ರ ಸುಮಾರಿಗೆ; ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಅವರ ತಾಯಿಗೆ ವಿಧವೆಯೊಬ್ಬಳು ತನ್ನ ಬಾಳನ್ನು ಹೇಳಿಕೊಂಡಾಗ ಮನೆಯ ಮಗುವಾಗಿ ಕೇಳಿದ ಕಥೆ ‘ಫಣಿಯಮ್ಮ’ ಎಂಬ ಕಾದಂಬರಿಯಾಗಿ ಹೊರಬಂದದ್ದು 1976ರಲ್ಲಿ. ಅಷ್ಟು ವರ್ಷ ಆ ಕಥೆ ಎಲ್ಲಿತ್ತು? ಮನಸ್ಸಿನಲ್ಲಿಯೇ ಇತ್ತು. ಹೊತ್ತಿಗಾಗಿ ಕಾಯುತ್ತಿತ್ತು. ತಡವಾಗಿಯಾದರೂ ಅದು ಬಂದದ್ದು ನಮ್ಮ ಪುಣ್ಯ. ಹೀಗೆ ಕಾಯುತ್ತಲೇ ಮಣ್ಣಾಗಿಹೋದ ಕಥೆಗಳೆಷ್ಟೋ ಬಲ್ಲವರಾರು?

ಕಾಯುವಷ್ಟು ಆಯುಸ್ಸೇ ಇಲ್ಲದವರು ತ್ರಿವೇಣಿ. ಮೈಸೂರಿನಲ್ಲಿ 1928ರಲ್ಲಿ ಹುಟ್ಟಿದ ಅವರ ನಿಜನಾಮ ಅನಸೂಯಾ. ಮನಶ್ಶಾಸ್ತ್ರವನ್ನು ಓದಿದವರು. 1953ರಲ್ಲಿ ‘ಅಪಸ್ವರ’ದೊಂದಿಗೆ ತೊಡಗಿ, ಹತ್ತು ವರ್ಷಗಳಲ್ಲಿ 20 ಕಾದಂಬರಿಗಳನ್ನು ಬರೆದರು. ಬಾಣಂತನದ ಬಳಿಕ ಮನಸ್ಸು ಕಲಕಿದ ಹೆಣ್ಣನ್ನು ಸಮಾಜ ಹೇಗೆ ಕಾಣುತ್ತದೆಂಬುದನ್ನು ‘ಶರಪಂಜರ’ದಲ್ಲಿ ಚಿತ್ರಿಸಿದ ಆ ತಾಯಿ, 1963ರ ಜುಲೈ 29ರಂದು, ಮಗಳು ಹುಟ್ಟಿದ ಹತ್ತೇ ದಿನಗಳಿಗೆ, 34ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬಾಳನ್ನು ನೆನೆದಾಗ ಹೊತ್ತೆಂಬುದು ಎಷ್ಟು ದುಬಾರಿಯಾದ ವಸ್ತುವೆಂಬುದು ಎದೆಗೆ ತಾಗುತ್ತದೆ.

ವೈದ್ಯೆಯ ಲೇಖನಿ

ನೌಕರಿ, ಸಂಸಾರ, ಬರವಣಿಗೆ ಮೂರನ್ನೂ ಏಕಕಾಲದಲ್ಲಿ ಹೊತ್ತ ಕನ್ನಡತಿಯರಲ್ಲಿ ಅನುಪಮಾ ನಿರಂಜನರ ಹೆಸರು ಮೊದಲು ಬರುತ್ತದೆ. ಅವರೂ ತೀರ್ಥಹಳ್ಳಿಯವರೇ, ಹುಟ್ಟಿದ್ದು 1934ರಲ್ಲಿ, ಮನೆಯವರಿಟ್ಟ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಶಾಸ್ತ್ರ ಓದಿ, ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ವೃತ್ತಿ ನಡೆಸಿದರು. ಕೈಹಿಡಿದವರು ಕಾದಂಬರಿಕಾರ ನಿರಂಜನ. ಎರಡು ಹೆಣ್ಣುಮಕ್ಕಳು. ಬರಹವನ್ನೇ ನಂಬಿದ ಗಂಡ, ರೋಗಿಗಳ ಸಾಲು, ಶಾಲೆಗೆ ಹೋಗುವ ಮಕ್ಕಳು ಇವುಗಳ ನಡುವೆ ಅವರ ಕಾದಂಬರಿಗಳು ಹುಟ್ಟಿದವು. ಮಹಾಭಾರತದ ಮರೆತುಹೋದ ಹೆಣ್ಣೊಬ್ಬಳ ನೋವನ್ನು ‘ಮಾಧವಿ’ಯಲ್ಲಿ ಎತ್ತಿ ತೋರಿಸಿದರು. ಕಾದಂಬರಿಯಲ್ಲದೆ, ಚಿಕಿತ್ಸಾಲಯಕ್ಕೆ ಬರುವ ಹೆಣ್ಣುಮಕ್ಕಳ ಅಜ್ಞಾನವನ್ನೂ ಅಂಜಿಕೆಯನ್ನೂ ದಿನವೂ ಕಂಡ ಅನುಭವದಿಂದ ‘ತಾಯಿ ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳನ್ನು ಬರೆದರು. ನಮ್ಮ ಎಷ್ಟೋ ಮನೆಗಳಲ್ಲಿ ಮಗಳು ಗಂಡನ ಮನೆಗೆ ಹೊರಟಾಗ ಈ ಪುಸ್ತಕಗಳು ಪೆಟ್ಟಿಗೆ ಸೇರುತ್ತಿದ್ದವು. ಮಕ್ಕಳಿಗಾಗಿ, ತಿಂಗಳಿಗೊಂದರಂತೆ ಹನ್ನೆರಡು ಸಂಪುಟಗಳ ‘ದಿನಕ್ಕೊಂದು ಕಥೆ’ಯನ್ನೂ ಕೊಟ್ಟರು.

1970ರ ದಶಕದ ಆರಂಭದಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಆ ದೇಹಸ್ಥಿತಿಯಲ್ಲಿಯೂ ಅವರು ಮಕ್ಕಳ ವಿಶ್ವಕೋಶವಾದ ‘ಜ್ಞಾನಗಂಗೋತ್ರಿ’ಯನ್ನೂ 25 ಸಂಪುಟಗಳ ‘ವಿಶ್ವಕಥಾಕೋಶ’ವನ್ನೂ ಸಂಪಾದಿಸಿ ಕನ್ನಡಿಗರ ಕೈಗಿತ್ತರು. ಅಂಥ ದುಡಿಮೆಯ ಹಿಂದೆ ವೈದ್ಯೆಯೂ ಮಡದಿಯೂ ಆದವರೊಬ್ಬರ ಆಸರೆ ಇತ್ತೆಂಬುದನ್ನು ಮರೆಯಲಾಗದು. ಮುಂದೆ ಅನುಪಮಾ ಅವರಿಗೇ ಕ್ಯಾನ್ಸರ್ ತಗುಲಿತು. ವೈದ್ಯೆಯಾಗಿ ತಿಳಿದದ್ದನ್ನೂ ರೋಗಿಯಾಗಿ ಅನುಭವಿಸಿದ್ದನ್ನೂ ಬೆರೆಸಿ ಅದನ್ನೂ ಪುಸ್ತಕವಾಗಿಸಿದರು. 1991ರ ಫೆಬ್ರುವರಿಯಲ್ಲಿ, 57 ತುಂಬುವ ಮೊದಲೇ ಅವರು ನಮ್ಮನ್ನಗಲಿದರು. ಆ ಮನೆಯ ಮಗಳು ತೇಜಸ್ವಿನಿ ನಿರಂಜನ, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಇಂಗ್ಲಿಷಿಗೆ ತಂದು ಕೇಂದ್ರ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಪಡೆದರು. ಮಲೆನಾಡಿನ ಒಬ್ಬ ತಾಯಿಯ ಎದೆಯಲ್ಲಿದ್ದ ಕಥೆ ಇನ್ನೊಬ್ಬ ತಾಯಿಯ ಮಗಳ ಕೈಯಿಂದ ಹೊರನಾಡಿಗೆ ತಲುಪಿದ್ದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ.

ನಮ್ಮ ಮನೆಯ ಲೆಕ್ಕ

ಇವರೆಲ್ಲ ಹೆಸರಾದವರು. ಆದರೆ ಬರೆಯುವ ಆಸೆ ಹೆಸರಾದವರ ಸೊತ್ತಲ್ಲ. ನಮ್ಮ ಮನೆಗಳಲ್ಲಿಯೇ ಯಾವುದೋ ಸೊಸೆ ಮಕ್ಕಳ ಹಳೆಯ ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ ಕಥೆ ಬರೆದು ಬಟ್ಟೆಯ ಅಡಿಯಲ್ಲಿ ಇಟ್ಟಿರಬಹುದು. ಯಾವುದೋ ಮಗ ಬ್ಯಾಂಕಿನಿಂದ ದಣಿದು ಬಂದು, ಊಟವಾದ ಮೇಲೆ ದೀಪ ತಗ್ಗಿಸಿಕೊಂಡು ಬರೆಯುತ್ತಿರಬಹುದು. ಮಗ ಬರೆದರೆ ‘ಅವನು ಬರೆಯುತ್ತಿದ್ದಾನೆ, ಗದ್ದಲ ಮಾಡಬೇಡಿ’ ಎಂದು ಮಕ್ಕಳನ್ನು ಗದರಿಸುತ್ತೇವೆ. ಸೊಸೆ ಬರೆದರೆ ‘ಕೆಲಸವೆಲ್ಲ ಮುಗಿಯಿತೇ?’ ಎಂದು ಕೇಳುತ್ತೇವೆ. ಮನೆಯ ಕೆಲಸ ಎಂದಿಗೂ ಮುಗಿಯುವಂಥದಲ್ಲವೆಂಬುದು ಕೇಳುವವರಿಗೂ ಗೊತ್ತು.

ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ಬರೆಯುವವರಿಗೆ ಬೇಕಾದದ್ದು ನಿಶ್ಚಿತವಾದ ಒಂದು ಗಂಟೆ, ಕುಳಿತುಕೊಳ್ಳಲು ಒಂದು ಮೂಲೆ, ಮತ್ತು ನಗೆಯಾಡದ ಮನೆಮಂದಿ. ದಿನವೂ ಒಂದೇ ಹೊತ್ತು ಇದ್ದರೆ ಮನೆಗೂ ಅದು ರೂಢಿಯಾಗುತ್ತದೆ, ಮನಸ್ಸಿಗೂ ರೂಢಿಯಾಗುತ್ತದೆ. ದಿನಕ್ಕೆ ಒಂದು ಪುಟವಾದರೂ ವರ್ಷಕ್ಕೆ 365 ಪುಟ. ಒಂದು ಕಾದಂಬರಿಗೆ ಅಷ್ಟು ಸಾಕು. ಬರೆಯುವವರಿಗೂ ಒಂದು ಕರ್ತವ್ಯವಿದೆ. ಕೊಟ್ಟವರ ಹೆಸರನ್ನು ಅವರು ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು, ಸರದಿ ಬಂದಾಗ ತಾವೂ ಎದ್ದು ಹಾಲು ಕಾಯಿಸಬೇಕು. ಕಥೆಯೊಳಗಿನ ಜನರ ಕಣ್ಣೀರು ಕಾಣುವವರಿಗೆ ಮನೆಯೊಳಗಿನವರ ಆಯಾಸ ಕಾಣದೆ ಹೋದರೆ ಆ ಬರವಣಿಗೆಗೆ ಬೆಲೆಯೇನು?

ಬಾರ್ನಿಯ ಕಾಫಿಗೆ ಟ್ರೊಲೊಪ್ ವರ್ಷಕ್ಕೆ 5 ಪೌಂಡು ಕೊಟ್ಟ. ಆ ಋಣವನ್ನು ಅಕ್ಷರದಲ್ಲಿಯೂ ಬರೆದಿಟ್ಟ. ತಾಯಿಯ ಮೇಜಿಗೆ ಮುಂಜಾನೆಯ ನಾಲ್ಕು ಗಂಟೆಗೆ ಯಾರೂ ಕಾಫಿ ತಂದಿಟ್ಟದ್ದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಬರೆಯುವ ಹೆಣ್ಣುಮಗಳೊಬ್ಬಳಿದ್ದರೆ, ನಾಳೆ ಬೆಳಿಗ್ಗೆ ಆ ಒಂದು ಲೋಟವನ್ನು ಆಕೆಯ ಮೇಜಿನ ಮೇಲಿಟ್ಟು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಬರುವವರು ಒಬ್ಬರಾದರೂ ಇರಲಿ ಎಂಬುದು ನಮ್ಮ ಹಾರೈಕೆ.